ಪ್ಲೇಟಿಂಗ್‌ನವರಿಗೆ ಬೈಯುವ ಮೊದಲು ಫರ್ನೇಸ್ ಕಡೆ ನೋಡಿ

ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. ಹಸಿ ಅಡಿಕೆ ಸುಲಿಯುವ ಯಂತ್ರ ಮಾಡುವವರು ಅವರು. ಆ ಯಂತ್ರದ ಪಿನ್ನುಗಳು ಪೀಣ್ಯದ ನಮ್ಮ ಶೆಡ್‌ನಲ್ಲಿ ಆಗುತ್ತವೆ. ಮಳೆಗಾಲ ಪೂರ್ತಿ ಯಂತ್ರಗಳು ಕೊಟ್ಟಿಗೆಯಲ್ಲಿ ಕೂತಿದ್ದವು. ಕೊಯ್ಲಿಗೆ ಮೊದಲು ತೆಗೆದು ನೋಡಿದರೆ ಪಿನ್ನುಗಳು ಕೆಂಪಾಗಿದ್ದವು. "ಏನು ಮಾರಾಯ್ರೆ, ಜಿಂಕ್ ಹಾಕಿಸಿದ್ದೀರೋ, ಸುಮ್ನೆ ಅರಿಶಿನ ಬಳಿದು ಕಳಿಸಿದ್ದೀರೋ?" ಅಂದರು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪಿನ್ನುಗಳಿಗೆ ಕರೆಂಟ್ ಕೊಟ್ಟು ಜಿಂಕ್ ಲೇಪಿಸುವ ಪ್ಲೇಟಿಂಗ್ ಅಂಗಡಿಗೆ ಸೀದಾ ಹೋಗಿ ಕೂಗಾಡಿದೆ. ಅಲ್ಲಿನ ಯಜಮಾನರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲು ಟೀ ತರಿಸಿದರು. ಆಮೇಲೆ ವಾಪಸು ಬಂದ ಪಿನ್ನುಗಳಲ್ಲಿ ಎರಡನ್ನು ಮೇಜಿನ ಮೇಲಿಟ್ಟರು. ಒಂದು ಹೊಸದರ ಹಾಗೇ ಇತ್ತು. ಇನ್ನೊಂದರ ಗ್ರೂವ್ ತುಂಬ ತುಕ್ಕು. ಆ ಗ್ರೂವ್‌ನ ಅಂಚಿಗೆ ಚಾಕುವಿನ ತುದಿ ಕೊಟ್ಟು ಮೀಟಿದರು. ಉಗುರಿನ ಚೂರಿನಷ್ಟು ಒಂದು ಹಕ್ಕಳೆ ಎದ್ದು ಬಂತು. ಮೇಲೆ ಹಳದಿ ಜಿಂಕ್, ತಿರುಗಿಸಿದರೆ ಅಡಿಯಲ್ಲಿ ಕಪ್ಪು. "ಎರಡೂ ಒಂದೇ ದಿನ, ಒಂದೇ ಬ್ಯಾರಲ್‌ನಲ್ಲಿ ತಿರುಗಿದವು. ನನ್ನ ಬಾತ್ ಕೆಟ್ಟಿದ್ದರೆ ಎರಡೂ ಕೆಡಬೇಕಿತ್ತು, ಅಲ್ವೇನಪ್ಪಾ? ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಎರಡೂ ಒಂದೇ ಲಾಟಾ, ಹೋಗಿ ನೋಡು."

ಹೀಟ್ ಟ್ರೀಟ್‌ಮೆಂಟ್ ಅಂದರೆ ಸ್ಟೀಲನ್ನು ಫರ್ನೇಸ್‌ನಲ್ಲಿ ಕಾಯಿಸಿ ಗಟ್ಟಿ ಮಾಡುವುದು, ಊರಲ್ಲಿ ಹದ ಕೊಡುವುದು ಅನ್ನುತ್ತಾರಲ್ಲ, ಅದೇ. ಒಂದೇ ಲಾಟ್ ಆಗಿರಲಿಲ್ಲ. ಒಟ್ಟು 400 ಪಿನ್ನು, ಇಎನ್ 19 ಅನ್ನುವ ಜಾತಿಯ ಸ್ಟೀಲು, 28ರಿಂದ 30 ಎಚ್‌ಆರ್‌ಸಿ ಗಟ್ಟಿ (ಎಚ್‌ಆರ್‌ಸಿ ಗಟ್ಟಿತನದ ಅಳತೆ, ಅಂಕಿ ಹೆಚ್ಚಿದಷ್ಟು ಗಟ್ಟಿ). ಮೊದಲ 250 ಸೀಲ್ಡ್ ಕ್ವೆಂಚ್ ಫರ್ನೇಸ್‌ನಲ್ಲಿ ಆಗಿದ್ದವು. ಅದರೊಳಗೆ ಗಾಳಿ ಇರುವುದಿಲ್ಲ, ಗ್ಯಾಸ್ ಇರುತ್ತದೆ. ಉಳಿದ 150ನ್ನು ನಾನೇ ಅವಸರಕ್ಕೆ ಬಿದ್ದು ಪಕ್ಕದ ರಸ್ತೆಯ ಓಪನ್ ಫರ್ನೇಸ್‌ಗೆ ಹಾಕಿಸಿದ್ದೆ. ತುಕ್ಕು ಹಿಡಿದದ್ದು ಅವೇ. ಮತ್ತೆ ಒಂದು ಟೀ ಕುಡಿದು, ತಪ್ಪಾಯಿತು ಅಂತ ಹೇಳಿ ಬಂದೆ.

ಅಂದಿನಿಂದ ನಾನು ಹಿಡಿದಿರುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾರ್ಡನಿಂಗ್ ಆದ ಪಾರ್ಟ್‌ಗೆ ಜಿಂಕೋ, ಪೇಂಟೋ, ಪೌಡರ್ ಕೋಟಿಂಗೋ ಹಾಕಿಸುವವರಿಗೆಲ್ಲ ಇದು ಬೇಕಾಗುತ್ತದೆ.

ಫರ್ನೇಸ್ ಏನನ್ನು ಅಂಟಿಸಿ ಕಳಿಸುತ್ತದೆ

ಇಎನ್ 19 ಅನ್ನು ಹಾರ್ಡನಿಂಗ್‌ಗೆ ಸುಮಾರು 850 ಡಿಗ್ರಿಗೆ ಕಾಯಿಸುತ್ತಾರೆ. ತಕ್ಷಣ ತಣಿಯಲಿ ಅಂತ ಎಣ್ಣೆಗೆ ಬಿಡುತ್ತಾರೆ, ಇದೇ ಕ್ವೆಂಚ್. ಆಮೇಲೆ 600ರ ಆಸುಪಾಸಿನಲ್ಲಿ ಟೆಂಪರ್ ಮಾಡುತ್ತಾರೆ, ಅಂದರೆ ಮತ್ತೆ ಕಾಯಿಸಿ ಗಟ್ಟಿತನವನ್ನು ಬೇಕಾದಷ್ಟಕ್ಕೆ ಇಳಿಸುತ್ತಾರೆ. ಗಾಳಿ ಇರುವ ಫರ್ನೇಸ್‌ನಲ್ಲಿ ಇದೆಲ್ಲ ನಡೆದರೆ ಕಬ್ಬಿಣದ ಮೈಮೇಲೆ ಸ್ಕೇಲ್ ಕೂರುತ್ತದೆ. ಅದು ಒಂದೇ ಪದರ ಅಲ್ಲ. 570 ಡಿಗ್ರಿ ದಾಟಿದರೆ ಮೂರು ಪದರ, ಮೂರೂ ಕಬ್ಬಿಣದ ಆಕ್ಸೈಡೇ, ಆದರೆ ಬೇರೆ ಬೇರೆ ಜಾತಿ. ನೋಡಲು ನೀಲಿಗಪ್ಪು, ಮುಟ್ಟಿದರೆ ಗಟ್ಟಿ. ಹೊಸಬರು ಇದನ್ನು ನೋಡಿ ಒಳ್ಳೆಯ ಬ್ಲ್ಯಾಕನಿಂಗ್ ಆಗಿದೆ ಅಂದುಕೊಳ್ಳುತ್ತಾರೆ!

ತೊಂದರೆ ಎರಡು. ಒಂದು, ಸ್ಕೇಲ್ ಬಿರುಕು ಬಿಡುತ್ತದೆ. ಅದರ ಮೇಲೆ ಎಷ್ಟು ಚೆಂದದ ಜಿಂಕ್ ಕೂತರೂ ಸ್ಕೇಲ್ ಎದ್ದಾಗ ಜಿಂಕೂ ಅದರ ಜೊತೆ ಎದ್ದು ಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಒದ್ದೆಯಾದಾಗ ಸ್ಕೇಲ್ ಮತ್ತು ಬರಿ ಕಬ್ಬಿಣ ಸೇರಿ ಒಂದು ಪುಟ್ಟ ಬ್ಯಾಟರಿ ಆಗುತ್ತವೆ. ಆ ಬ್ಯಾಟರಿಯಲ್ಲಿ ಕರಗುವ ಪಾಲು ಕಬ್ಬಿಣದ್ದು. ಬಿರುಕಿನಲ್ಲಿ ಕಾಣುವ ಕೂದಲೆಳೆಯಷ್ಟು ಕಬ್ಬಿಣವನ್ನು ಸುತ್ತಲಿನ ಅಷ್ಟೂ ಸ್ಕೇಲ್ ಸೇರಿ ತಿನ್ನುತ್ತದೆ. ಹಾಗಾಗಿ ಅಲ್ಲಿ ಗುಂಡಿ ಬೀಳುವುದು ಬೇಗ.

ಹಾಗಂತ ಸೀಲ್ಡ್ ಕ್ವೆಂಚ್‌ನಿಂದ ಬಂದ ಬೂದು ಬಣ್ಣದ ಪಾರ್ಟ್ ಪೂರಾ ಶುದ್ಧ ಅಂತಲ್ಲ. ಅಲ್ಲಿನ ಕಳ್ಳ ಬೇರೆ: ಎಣ್ಣೆ. ಕ್ವೆಂಚ್ ಎಣ್ಣೆಯನ್ನು ತೊಳೆಯದೆ ಟೆಂಪರ್‌ಗೆ ಹಾಕಿದರೆ ಅದು ಅಲ್ಲೇ ಸುಟ್ಟು ಕರಿ ಆಗುತ್ತದೆ. ಬಾಣಲೆಯ ಹೊರಗಡೆ ವರ್ಷಗಟ್ಟಲೆ ಹಿಡಿದ ಜಿಡ್ಡು ಇರುತ್ತದಲ್ಲ, ಅದೇ ಥರ. ಪ್ಲೇಟಿಂಗ್‌ನವರ ಡಿಗ್ರೀಸಿಂಗ್‌ಗೆ (ಜಿಡ್ಡು ತೊಳೆಯುವುದಕ್ಕೆ) ಹಸಿ ಎಣ್ಣೆ ಹೋಗುತ್ತದೆ. ಸುಟ್ಟ ಎಣ್ಣೆ ಹೋಗುವುದಿಲ್ಲ. ಆಸಿಡ್‌ಗೂ ಜಗ್ಗುವುದಿಲ್ಲ. ನಾನು ಈಗ ಹೀಟ್ ಟ್ರೀಟ್‌ಮೆಂಟ್‌ನ ಡಿಸಿ (ಡೆಲಿವರಿ ಚಲನ್) ಮೇಲೆ ಕೈಯಾರೆ ಒಂದು ಸಾಲು ಬರೆಯುತ್ತೇನೆ: "ಕ್ವೆಂಚ್ ಆದ ಮೇಲೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಟೆಂಪರ್." ಈ ಒಂದು ಸಾಲು ನನಗೆ ಉಳಿಸಿದಷ್ಟು ದುಡ್ಡನ್ನು ಬೇರೆ ಯಾವುದೂ ಉಳಿಸಿಲ್ಲ.

ಸಾಲ್ಟ್ ಬಾತ್‌ನಲ್ಲಿ, ಅಂದರೆ ಕರಗಿದ ಬಿಸಿ ಉಪ್ಪಿನ ತೊಟ್ಟಿಯಲ್ಲಿ ಹದ ಮಾಡಿಸುವವರಿಗೆ ಇನ್ನೊಂದು ಮಾತು. ತೂತು, ಥ್ರೆಡ್, ಸಂದಿಗಳಲ್ಲಿ ಉಪ್ಪು ಕೂತಿರುತ್ತದೆ. ಮೇಲೆ ಜಿಂಕ್ ಹಾಕಿ ಮುಚ್ಚಿದರೂ ಮಳೆಗಾಲದ ತೇವ ಎಳೆದುಕೊಂಡು ಅದು ಹೊರಗೆ ಬರುತ್ತದೆ. ಕುದಿಯುವ ನೀರಿನಲ್ಲಿ ಎರಡು ಸಲ ಮುಳುಗಿಸಿ ತೆಗೆಯದೆ ಅಂಥ ಪಾರ್ಟ್‌ಗಳನ್ನು ಮುಂದೆ ಕಳಿಸಬೇಡಿ.

ಮೈಲುತುತ್ತದ ಪರೀಕ್ಷೆ

ಸ್ಕೇಲ್ ಪೂರ್ತಿ ಹೋಗಿದೆಯೋ ಇಲ್ಲವೋ ಕಣ್ಣಿಗೆ ಯಾವಾಗಲೂ ಗೊತ್ತಾಗುವುದಿಲ್ಲ. ಬ್ಲಾಸ್ಟಿಂಗ್ (ಸಣ್ಣ ಕಾಳುಗಳನ್ನು ಜೋರಾಗಿ ಹೊಡೆದು ಮೈ ಉಜ್ಜುವುದು) ಆದ ಮೇಲಂತೂ ಎಲ್ಲವೂ ಬೂದಿ ಬಣ್ಣ. ಇದಕ್ಕೊಂದು ಹಳೇ ಉಪಾಯ ಇದೆ, ಅಡಿಕೆ ತೋಟದವರಿಗೆ ಆಗಲೇ ಗೊತ್ತಿರುವಂಥದ್ದು.

ಬೋರ್ಡೋ ದ್ರಾವಣ ಕಲಸುವಾಗ ಅಪ್ಪ ಒಂದು ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ತಾಮ್ರ. ಮೈಲುತುತ್ತದಲ್ಲಿರುವ ತಾಮ್ರ ಬರಿ ಕಬ್ಬಿಣ ಸಿಕ್ಕರೆ ಅದರ ಮೇಲೆ ಹಾರಿ ಕೂರುತ್ತದೆ. ಸ್ಕೇಲ್ ಇದ್ದ ಕಡೆ ಕೂರುವುದಿಲ್ಲ. ಇದನ್ನೇ ಶೆಡ್‌ನಲ್ಲಿ ಬಳಸಿ.

100 ಎಂಎಲ್ ನೀರಿಗೆ 5 ಗ್ರಾಂ ಮೈಲುತುತ್ತ ಹಾಕಿ ಕರಗಿಸಿ. ಡಿಸ್ಟಿಲ್ಡ್ ವಾಟರ್ ಆದರೆ ಒಳ್ಳೆಯದು, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಅಥವಾ ಗಾಜಿನ ಬಾಟಲಿಯಲ್ಲಿಡಿ. ಲಾಟ್‌ನಿಂದ ಒಂದು ಪಾರ್ಟ್ ಎತ್ತಿಕೊಂಡು ಎಣ್ಣೆ ಜಿಡ್ಡು ಚೆನ್ನಾಗಿ ಒರೆಸಿ. ಬ್ರಷ್‌ನಿಂದ ದ್ರಾವಣ ಬಳಿದು ಒಂದು ನಿಮಿಷ ಬಿಡಿ. ನೀರಿನಲ್ಲಿ ತೊಳೆಯಿರಿ. ಶುದ್ಧ ಕಬ್ಬಿಣ ಇದ್ದಲ್ಲೆಲ್ಲ ಹೊಸ ತಾಮ್ರದ ಚೊಂಬಿನ ಬಣ್ಣ ಬಂದಿರುತ್ತದೆ. ಸ್ಕೇಲ್ ಉಳಿದ ಕಡೆ ಕಪ್ಪು ಅಥವಾ ಬೂದಿ ಮಚ್ಚೆ ಹಾಗೇ ನಿಂತಿರುತ್ತದೆ. ಗ್ರೂವ್‌ನ ಮೂಲೆ, ಥ್ರೆಡ್‌ನ ತಳ, ತೂತಿನ ಬಾಯಿ, ಈ ಮೂರು ಜಾಗ ಮಾತ್ರ ಸರಿಯಾಗಿ ನೋಡಿ. ಉಳಿದ ಕಡೆ ಸ್ಕೇಲ್ ಸಾಮಾನ್ಯವಾಗಿ ಹೋಗಿರುತ್ತದೆ.

ಪರೀಕ್ಷೆ ಮಾಡಿದ ಪಾರ್ಟನ್ನು ಮತ್ತೆ ಲಾಟ್‌ಗೆ ಸೇರಿಸಬೇಡಿ. ತಾಮ್ರ ಕೂತ ಪಾರ್ಟ್ ಸೀದಾ ಜಿಂಕ್ ಬಾತ್‌ಗೆ ಹೋದರೆ ಪ್ಲೇಟಿಂಗ್‌ನವರು ನಿಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತೊಳೆದ ನೀರನ್ನು ಮೋರಿಗೂ ಬಿಡಬೇಡಿ.

ಎಣ್ಣೆಗೂ ಕರಿಗೂ ಇನ್ನೂ ಸುಲಭದ ಪರೀಕ್ಷೆ ಇದೆ. ಬಿಳಿ ಬನಿಯನ್ ವೇಸ್ಟ್‌ನಿಂದ ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಕರಿ ಇನ್ನೂ ಇದೆ. ಎಣ್ಣೆಗೆ, ಶುದ್ಧ ನೀರಿನಲ್ಲಿ ಅದ್ದಿ ಎತ್ತಿ ಹಿಡಿಯಿರಿ. ನೀರು ಅರ್ಧ ನಿಮಿಷ ಒಂದೇ ಪರದೆಯಾಗಿ ನಿಲ್ಲಬೇಕು. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ಒಡೆದರೆ ಜಿಡ್ಡು ಇದೆ.

ಆಸಿಡ್ಡೋ, ಬ್ಲಾಸ್ಟಿಂಗೋ

ಸ್ಕೇಲ್ ತೆಗೆಯಲು ಎಲ್ಲರ ಮೊದಲ ಯೋಚನೆ ಹೈಡ್ರೋಕ್ಲೋರಿಕ್ ಆಸಿಡ್. ಮೆತ್ತಗಿನ ಸ್ಟೀಲ್‌ಗೆ ಸರಿ. ಗಟ್ಟಿ ಮಾಡಿದ ಸ್ಟೀಲ್‌ಗೆ ಇಲ್ಲೊಂದು ಅಪಾಯ ಇದೆ. ಆಸಿಡ್‌ನಲ್ಲೂ, ಆಮೇಲೆ ಪ್ಲೇಟಿಂಗ್ ಬಾತ್‌ನಲ್ಲೂ ಹೈಡ್ರೋಜನ್ ಹುಟ್ಟುತ್ತದೆ. ಅದು ಸ್ಟೀಲ್‌ನ ಒಳಗೇ ಸೇರಿಕೊಂಡು ಸ್ಟೀಲ್ ಸುಲಭವಾಗಿ ಮುರಿಯುವ ಹಾಗೆ ಮಾಡುತ್ತದೆ. ಗಟ್ಟಿ ಜಾಸ್ತಿ ಇದ್ದಷ್ಟು ಅದರ ಕಾಟ ಜಾಸ್ತಿ.

ನನಗೆ ಇದು ಅರ್ಥವಾದದ್ದು ಒಂದು ಸ್ಪ್ರಿಂಗ್ ಕ್ಲಿಪ್‌ನಿಂದ. 45 ಎಚ್‌ಆರ್‌ಸಿ ಇತ್ತು. ಸ್ಕೇಲ್ ಹೋಗಲಿ ಅಂತ ಅರ್ಧ ಗಂಟೆ ಆಸಿಡ್‌ನಲ್ಲಿ ಬಿಡಿಸಿದ್ದೆ. ಆಮೇಲೆ ಜಿಂಕ್. ಸಂಜೆ ಹತ್ತು ಕ್ಲಿಪ್ಪುಗಳನ್ನು ಶಾಫ್ಟ್‌ಗೆ ಹಾಕಿ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಮೂರು ತಾವಾಗಿಯೇ ಮುರಿದು ನೆಲದ ಮೇಲೆ ಬಿದ್ದಿದ್ದವು. ಯಾರೂ ಮುಟ್ಟಿರಲಿಲ್ಲ. ನಾವು ಟೂಲ್ ಬಾಕ್ಸ್ ತೆಗೆಯುತ್ತಿದ್ದಾಗ ನಾಲ್ಕನೆಯದು ಟಿಕ್ ಅಂತ ಹೋಯಿತು.

ಹಾಗಾಗಿ ನನ್ನ ಲೆಕ್ಕ ಹೀಗೆ. 31 ಎಚ್‌ಆರ್‌ಸಿಗಿಂತ ಕೆಳಗಿದ್ದರೆ ಆಸಿಡ್ ಪರವಾಗಿಲ್ಲ. ಅದಕ್ಕಿಂತ ಮೇಲಿದ್ದರೆ ಸ್ಕೇಲನ್ನು ಬ್ಲಾಸ್ಟಿಂಗ್‌ನಲ್ಲೇ ತೆಗೆಸುತ್ತೇನೆ. ಪ್ಲೇಟಿಂಗ್‌ಗೆ ಮೊದಲು ಆಸಿಡ್‌ನಲ್ಲಿ ಒಂದು ಚಿಕ್ಕ ಮುಳುಗು ಮಾತ್ರ. ಪ್ಲೇಟಿಂಗ್ ಆಗಿ 4 ಗಂಟೆಯ ಒಳಗೆ ಓವನ್‌ಗೆ ಹಾಕಿ 190ರಿಂದ 220 ಡಿಗ್ರಿಯಲ್ಲಿ ಬೇಕಿಂಗ್, ಒಳಗೆ ಸೇರಿದ ಹೈಡ್ರೋಜನ್ ಹೊರಗೆ ಹೋಗಲಿ ಅಂತ. ಎಂಟು ಗಂಟೆಗೆ ಕಡಿಮೆ ಇಲ್ಲ. ಗಟ್ಟಿ ಹೆಚ್ಚಿದಂತೆ ಹೊತ್ತೂ ಹೆಚ್ಚುತ್ತದೆ, 20 ಗಂಟೆ ದಾಟುವುದೂ ಉಂಟು. 40 ಎಚ್‌ಆರ್‌ಸಿ ದಾಟಿದರೆ ನಾನು ಎಲೆಕ್ಟ್ರೋಪ್ಲೇಟಿಂಗ್‌ನ ಗೊಡವೆಗೇ ಹೋಗುವುದಿಲ್ಲ. ಜಿಂಕ್ ಫ್ಲೇಕ್ ಹಾಕಿಸುತ್ತೇನೆ. ಅದನ್ನು ಬಣ್ಣದ ಹಾಗೆ ಅದ್ದಿ ಕಾಯಿಸುತ್ತಾರೆ. ಕರೆಂಟೂ ಇಲ್ಲ, ಹೈಡ್ರೋಜನ್ನೂ ಇಲ್ಲ. ಡ್ರಾಯಿಂಗ್‌ನಲ್ಲಿ ಗಿರಾಕಿ ಬೇರೆ ನಿಯಮ ಕೊಟ್ಟಿದ್ದರೆ ಮಾತ್ರ ಅದೇ ಕೊನೆ.

ಬ್ಲಾಸ್ಟಿಂಗ್‌ನಲ್ಲೂ ಗಟ್ಟಿತನದ ಕಿರಿಕಿರಿ ಇದ್ದೇ ಇದೆ. ಸಾಮಾನ್ಯ ಸ್ಟೀಲ್ ಶಾಟ್ (ಹೊಡೆಯುವ ಸ್ಟೀಲ್ ಕಾಳು) 40ರಿಂದ 50 ಎಚ್‌ಆರ್‌ಸಿ ಇರುತ್ತದೆ. 60 ಇರುವ ಪಾರ್ಟ್ ಮೇಲೆ ಅದು ಗೋಲಿಯ ಹಾಗೆ ಪುಟಿಯುತ್ತದೆಯೇ ಹೊರತು ಮೈಯನ್ನು ಗೀರುವುದಿಲ್ಲ. ಸ್ಕೇಲ್ ಹೋದೀತು. ಆದರೆ ಪೇಂಟ್‌ಗೆ ಬೇಕಾದ ಒರಟು ಬರುವುದಿಲ್ಲ. ದಪ್ಪ ಎಪಾಕ್ಸಿ ಹಿಡಿಯಬೇಕಾದರೆ 40ರಿಂದ 75 ಮೈಕ್ರಾನ್‌ನಷ್ಟು ಒರಟು ಬೇಕು. ಅಂಥ ಕಡೆ ಅಲ್ಯೂಮಿನಿಯಂ ಆಕ್ಸೈಡ್ ಕೇಳಿ.

ಇದೇ ಕಾರಣಕ್ಕೆ ಗ್ಯಾಸ್ ಕಟಿಂಗ್ ಮಾಡಿದ ಪ್ಲೇಟ್‌ಗಳ ಅಂಚು ಮೊದಲು ತುಕ್ಕು ಹಿಡಿಯುವುದು. ಹೀಟ್ ಟ್ರೀಟ್‌ಮೆಂಟ್ ಮಾಡಿಸಿಯೇ ಇಲ್ಲವಲ್ಲ ಅನ್ನಬಹುದು. ಮಾಡಿಸಿದ್ದೀರಿ, ನಿಮಗೇ ಗೊತ್ತಿಲ್ಲದೆ. ಜ್ವಾಲೆ ಹೋದ ತಕ್ಷಣ ತಣ್ಣಗಿನ ಪ್ಲೇಟೇ ಆ ಅಂಚಿನ ಬಿಸಿ ಎಳೆದುಕೊಂಡು ಅದನ್ನು ಹಾರ್ಡನ್ ಮಾಡಿಬಿಡುತ್ತದೆ. ಬ್ಲಾಸ್ಟಿಂಗ್ ಅಲ್ಲಿ ಕಚ್ಚುವುದಿಲ್ಲ. ಗ್ಯಾಲ್ವನೈಸಿಂಗ್ ಕೂಡ ಅಲ್ಲಿ ತೆಳ್ಳಗೆ ಬರುತ್ತದೆ, ಸಿಪ್ಪೆ ಏಳುತ್ತದೆ. ಮೊದಲು ಅಂಚನ್ನು ಗ್ರೈಂಡರ್‌ನಿಂದ ಉಜ್ಜಿ, ಚೂಪು ಮೂಲೆ ಮುರಿದು, ಆಮೇಲೆ ಬ್ಲಾಸ್ಟಿಂಗ್‌ಗೆ ಕಳಿಸಿ.

ಬ್ಲಾಸ್ಟಿಂಗ್ ಆದ ಪಾರ್ಟನ್ನು ಲೇಪನ ಹಾಕದೆ ರಾತ್ರಿಯಿಡೀ ಇಡಬೇಡಿ, ಬರಿ ಮೈಗೆ ಬೇಗ ತುಕ್ಕು ಬರುತ್ತದೆ. ಜುಲೈನಲ್ಲಂತೂ ಮಧ್ಯಾಹ್ನದ ಊಟಕ್ಕೂ ಇಡಬೇಡಿ.

ಲೇಪನದ ಬಿಸಿ ಮತ್ತು ಹದದ ಬಿಸಿ

ಇಲ್ಲಿಯವರೆಗೆ ಹೇಳಿದ್ದು ಹದ ಲೇಪನವನ್ನು ಕೆಡಿಸುವ ಬಗೆ. ಉಲ್ಟಾ ಕೂಡ ನಡೆಯುತ್ತದೆ. ಲೇಪನದ ಓವನ್ ಹದವನ್ನು ಕೆಡಿಸುತ್ತದೆ.

ನಮ್ಮೂರಿನ ಆಚಾರಿಯವರು ಕತ್ತಿಗೆ ಹದ ಕೊಡುವಾಗ ಬಣ್ಣ ನೋಡುತ್ತಿದ್ದರು. ನೀರಿಗೆ ಅದ್ದಿದ ಕತ್ತಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಕೆಂಡದ ಹತ್ತಿರ ಹಿಡಿಯುವುದು. ಒಣ ಹುಲ್ಲಿನ ಹಳದಿ ಬರುತ್ತದೆ, ಅದು ಸುಮಾರು 220 ಡಿಗ್ರಿ. ಆಮೇಲೆ ನೇರಳೆ. 300ರ ಹೊತ್ತಿಗೆ ನೀಲಿ. ಥರ್ಮಾಮೀಟರ್ ಇಲ್ಲದೆ ಅವರು ನೋಡುತ್ತಿದ್ದದ್ದು ಇದನ್ನೇ. ಬಿಸಿ ಏರಿದಷ್ಟು ಕತ್ತಿ ಮೆತ್ತಗಾಗುತ್ತದೆ.

ಈಗ ಲೆಕ್ಕ ಹಾಕಿ. ಕೇಸ್ ಹಾರ್ಡನ್ ಮಾಡಿದ (ಮೇಲ್ಮೈ ಮಾತ್ರ ಗಟ್ಟಿ ಮಾಡಿದ) ಬುಶ್ ಅಥವಾ ಇಎನ್ 31 (ಬೇರಿಂಗ್ ಸ್ಟೀಲ್) ರೋಲರ್ ಅನ್ನು 150ರಿಂದ 180 ಡಿಗ್ರಿಯಲ್ಲಿ ಟೆಂಪರ್ ಮಾಡಿರುತ್ತಾರೆ. ಪೌಡರ್ ಕೋಟಿಂಗ್ ಓವನ್ 180ರಿಂದ 200. ಹೈಡ್ರೋಜನ್ ಬೇಕಿಂಗ್ 190ಕ್ಕೆ ಮೇಲೆ. ಜಿಂಕ್ ಫ್ಲೇಕ್ ಅಂತೂ 200 ದಾಟಿ 300ರವರೆಗೂ ಹೋಗುತ್ತದೆ. ಗ್ಯಾಲ್ವನೈಸಿಂಗ್ ತೊಟ್ಟಿ 450. ಇವೆಲ್ಲ ಪಾರ್ಟಿನ ಮಟ್ಟಿಗೆ ಇನ್ನೊಂದು ಟೆಂಪರಿಂಗೇ. ಒಮ್ಮೆ ನಮ್ಮ ಬುಶ್ಶುಗಳು 60 ಎಚ್‌ಆರ್‌ಸಿ ಹೋಗಿ 58 ಆಗಿ ವಾಪಸು ಬಂದವು. ಡ್ರಾಯಿಂಗ್‌ನಲ್ಲಿ 58ರಿಂದ 62 ಅಂತ ಇದ್ದದ್ದಕ್ಕೆ ಬಚಾವ್ ಆದೆ. ಆದ್ದರಿಂದ ಆರ್ಡರ್ ಕೊಡುವಾಗಲೇ ಟೆಂಪರಿಂಗ್ ಎಷ್ಟು ಡಿಗ್ರಿ ಅಂತ ಕೇಳಿ ಬರೆದುಕೊಳ್ಳಿ. ಲೇಪನದ ಬಿಸಿ ಅದಕ್ಕಿಂತ ಕೆಳಗಿರಬೇಕು.

ಬೇಕಿಂಗ್‌ನ ವಿಷಯದಲ್ಲಿ ಇನ್ನೊಂದು ತಪ್ಪು ಪೀಣ್ಯದಲ್ಲಿ ದಿನಾ ನಡೆಯುತ್ತದೆ. ಜಿಂಕ್ ಹಾಕಿ, ಹಳದಿ ಪ್ಯಾಸಿವೇಶನ್ (ಜಿಂಕನ್ನು ಕಾಪಾಡುವ ತೆಳು ಕ್ರೋಮೇಟ್ ಪದರ) ಮಾಡಿ, ಕೊನೆಗೆ ನೆನಪಾಗಿ ಬೇಕಿಂಗ್ ಮಾಡುವುದು. ಹಳದಿ ಕ್ರೋಮೇಟ್ ಪದರದಲ್ಲಿ ನೀರಿನ ಅಂಶ ಇರುತ್ತದೆ. 65 ಡಿಗ್ರಿ ಸುಮಾರು ದಾಟಿದರೆ ಅದು ಒಣಗಿ, ಬೇಸಿಗೆಯ ಕೆರೆಯ ತಳದ ಹಾಗೆ ಬಿರಿಯುತ್ತದೆ. ಬಿರುಕು ಕಣ್ಣಿಗೆ ಕಾಣುವುದಿಲ್ಲ. ಬಣ್ಣವೂ ಅಷ್ಟೇನು ಬದಲಾಗಿರುವುದಿಲ್ಲ. ಆದರೆ ಉಪ್ಪಿನ ಪರೀಕ್ಷೆಗೆ ಹಾಕಿದರೆ ಬಿಳಿ ತುಕ್ಕು, ಅಂದರೆ ಜಿಂಕ್‌ನದೇ ತುಕ್ಕು, ಬೇಗ ಬರುತ್ತದೆ. ಸರಿಯಾದ ಕ್ರಮ ಇದು: ಜಿಂಕ್, ತೊಳೆಯುವುದು, ಬೇಕಿಂಗ್, ತಣಿದ ಮೇಲೆ ಅರ್ಧ ಪರ್ಸೆಂಟ್ ನೈಟ್ರಿಕ್ ಆಸಿಡ್‌ನಲ್ಲಿ ಒಂದು ಕ್ಷಣ ಅದ್ದುವುದು, ಆಮೇಲೆ ಪ್ಯಾಸಿವೇಶನ್. ಕೊನೆಯ ಒಣಗಿಸುವಿಕೆ 60 ಡಿಗ್ರಿ ಮೀರಬಾರದು. ಟ್ರೈವೇಲೆಂಟ್ ಅನ್ನುವ ಇನ್ನೊಂದು ಬಗೆಯ ಕ್ರೋಮಿಯಂ ಪ್ಯಾಸಿವೇಶನ್ ಇದಕ್ಕಿಂತ ಹೆಚ್ಚು ಬಿಸಿ ತಡೆಯುತ್ತದೆ. ಆದರೂ ಕ್ರಮ ಅದೇ ಇರಲಿ.

ಫಾಸ್ಫೇಟಿಂಗ್ (ಪೇಂಟ್ ಹಿಡಿಯಲಿ ಅಂತ ಮೈಮೇಲೆ ಹರಳಿನ ಪದರ ಬೆಳೆಸುವುದು) ಮಾಡಿಸಿ ಪೇಂಟ್ ಹಾಕುವವರಿಗೆ: ಕಾರ್ಬುರೈಸ್ ಆದ (ಇಂಗಾಲ ಸೇರಿಸಿ ಗಟ್ಟಿ ಮಾಡಿದ) ಮೈ, ಕರಿ ಉಳಿದ ಮೈ, ನೀಲಿ ಬಣ್ಣ ತಿರುಗಿದ ಮೈ, ಈ ಮೂರರ ಮೇಲೂ ಫಾಸ್ಫೇಟ್ ಸಮ ಬರುವುದಿಲ್ಲ. ಕೆಲವು ಕಡೆ ಸಕ್ಕರೆ ಹರಳಿನ ಹಾಗೆ ದಪ್ಪ, ಕೆಲವು ಕಡೆ ಬೋಳು. ಬೋಳಿದ್ದಲ್ಲಿ ಪೇಂಟ್ ಮೊದಲು ಉಬ್ಬುತ್ತದೆ. ಕಾರಿನ ಬಾಡಿ ಶೀಟ್ ಮಾಡುವವರಿಗೂ ಇದೇ ತಲೆನೋವು. ಕಾಯಿಸಿ ಮೆತ್ತಗೆ ಮಾಡುವ ಅನೀಲಿಂಗ್‌ನಲ್ಲಿ ಶೀಟ್ ಮೇಲೆ ಇಂಗಾಲ ಉಳಿದರೆ ಪೇಂಟ್ ತುಕ್ಕಿಗೆ ಬೇಗ ಸೋಲುತ್ತದೆ. ಲಘು ಬ್ಲಾಸ್ಟಿಂಗ್ ಮಾಡಿಸಿ, ಫಾಸ್ಫೇಟ್‌ಗೆ ಮೊದಲು ಹರಳು ಸಮವಾಗಿ ಕೂರಲು ಮಾಡುವ ಆ್ಯಕ್ಟಿವೇಶನ್ ಮುಳುಗು ಇದೆಯಾ ಅಂತ ಕೇಳಿ.

ಹದವೇ ಲೇಪನವಾದರೆ

ಹೀಟ್ ಟ್ರೀಟ್‌ಮೆಂಟ್‌ನವರನ್ನು ಇಷ್ಟು ದೂರಿದೆ. ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ನೈಟ್ರೋಕಾರ್ಬುರೈಸಿಂಗ್ ಅಂತ ಇದೆ. 570, 580 ಡಿಗ್ರಿಯಲ್ಲಿ ಮೈಗೆ ನೈಟ್ರೋಜನ್ ಸೇರಿಸುವುದು. ಮೇಲೆ 10ರಿಂದ 20 ಮೈಕ್ರಾನ್‌ನಷ್ಟು ಬಿಳಿ ಪದರ ಬರುತ್ತದೆ. ಅದರ ಮೇಲೆ ಆಕ್ಸಿಡೈಸ್ ಮಾಡಿಸಿದರೆ ಚೆಂದದ ಕಪ್ಪು ಬಣ್ಣ, ಸವೆತವೂ ಕಡಿಮೆ, ತುಕ್ಕಿಗೂ ತಡೆ. ಹೈಡ್ರಾಲಿಕ್ ರಾಡ್‌ಗಳಿಗೆ ಹಾರ್ಡ್ ಕ್ರೋಮ್ ಬದಲು ಇದನ್ನು ಹಾಕಿಸುವವರಿದ್ದಾರೆ. ಒಂದೇ ಷರತ್ತು, ಆಮೇಲೆ ಗ್ರೈಂಡಿಂಗ್ ಮಾಡಿ ಆ ಬಿಳಿ ಪದರ ತೆಗೆಯಬೇಡಿ. ಕಾಪಾಡುವುದು ಅದೇ. ಸ್ಟೇನ್‌ಲೆಸ್ ಸ್ಟೀಲ್‌ಗೆ ಮಾತ್ರ ಇದು ಬೇಡ. ತುಕ್ಕು ತಡೆಯಬೇಕಾದ ಕ್ರೋಮಿಯಂ ಅಷ್ಟನ್ನೂ ನೈಟ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ.

ತೀರ್ಥಹಳ್ಳಿಯ ಪಿನ್ನುಗಳು ಈಗ ಆಗುವುದು ಈ ರೀತಿಯಲ್ಲೇ, ಜಿಂಕ್ ಇಲ್ಲ. ಹಸಿ ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದು ಹೇಗೂ ಇದ್ದದ್ದೇ. ಪಿನ್ನೇ ಕಪ್ಪಾಗಿದ್ದರೆ ಗಿರಾಕಿಗೆ ಅದು ಕಾಣುವುದೂ ಇಲ್ಲ.

ಇನ್ನೊಂದು ಅಭ್ಯಾಸ ಹೇಳಿ ಮುಗಿಸುತ್ತೇನೆ. ಎರಡು ಫರ್ನೇಸ್‌ಗಳ ಪಾರ್ಟ್‌ಗಳನ್ನು ಒಂದೇ ಪೆಟ್ಟಿಗೆಗೆ ಹಾಕಬೇಡಿ. ನಾನು ಪ್ರತಿ ಲಾಟ್‌ಗೂ ಬೇರೆ ಬಣ್ಣದ ವೈರ್ ಕಟ್ಟುತ್ತೇನೆ. ಲೇಪನ ಆದ ಮೇಲೆ ಪ್ರತಿ ಲಾಟ್‌ನಿಂದ ಎರಡು ಪಾರ್ಟ್ ತೆಗೆದಿಡುತ್ತೇನೆ. ಒಂದನ್ನು ಲೀಟರಿಗೆ 50 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತೇನೆ. ಇದು ಲ್ಯಾಬಿನ ಸಾಲ್ಟ್ ಸ್ಪ್ರೇ ಅಲ್ಲ. ಅಲ್ಲಿ 35 ಡಿಗ್ರಿಯಲ್ಲಿ ಮಂಜಿನ ಹಾಗೆ ಬಿಡದೆ ಸಿಂಪಡಿಸುತ್ತಾರೆ. ಆದರೂ ಯಾವ ಲಾಟ್ ಮೊದಲು ಕೆಂಪಾಯಿತು ಅಂತ ತಿಳಿಯಲು ನನಗೆ ಇಷ್ಟು ಸಾಕು. ಇನ್ನೊಂದು ಪಾರ್ಟ್ ತಾರೀಖು ಬರೆದ ಚೀಟಿಯ ಜೊತೆ ಡ್ರಾಯರ್‌ನಲ್ಲಿ ಇರುತ್ತದೆ. ಫೋನ್ ಬಂದರೆ ಮೊದಲು ಡ್ರಾಯರ್ ತೆಗೆಯುತ್ತೇನೆ, ಆಮೇಲೆ ಗಾಡಿ ಸ್ಟಾರ್ಟ್ ಮಾಡುತ್ತೇನೆ.